ಭಾನುವಾರದ ಬಿಡುವಿನಲ್ಲಿ ಶಾಸನ ಓದುವ ಹವ್ಯಾಸ: ಕಲಬುರಗಿಯಲ್ಲಿ ಎಲ್ಲಿಂದ ಆರಂಭಿಸಬೇಕು?

ಶಹಾಬಜಾರಿನ ಓದುಗ (ಚರ್ಚೆ ಆರಂಭಿಸಿದವರು)

ಮಾನ್ಯರೇ, ನಾನು ಕಲಬುರಗಿಯ ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು. ವಾರವಿಡೀ ಅಂಕಿಗಳ ನಡುವೆ ಕಳೆದ ಮೇಲೆ ಸಿಗುವ ಭಾನುವಾರವೂ ಮೊಬೈಲ್ ನೋಡುವುದರಲ್ಲಿಯೇ ಮುಗಿದುಹೋಗುತ್ತಿರುವುದು ಮನಸ್ಸಿಗೆ ಸಮಾಧಾನ ತರುತ್ತಿಲ್ಲ. ಗೆಳೆಯರಲ್ಲಿ ಕೆಲವರು ಕ್ರಿಕೆಟ್ ಆಡುತ್ತಾರೆ, ಕೆಲವರು ಅಪ್ಪನ ಕೆರೆಯ ಸುತ್ತ ನಡೆದು ಬರುತ್ತಾರೆ. ನನಗೆ ಬೇಕಾಗಿರುವುದು ವರ್ಷಗಟ್ಟಲೆ ಕಲಿಯುತ್ತಾ ಹೋಗಬಹುದಾದ ಒಂದು ಹವ್ಯಾಸ.

ಸಂಬಂಧಿಕರ ಮದುವೆಗೆಂದು ಕಾಳಗಿಗೆ ಹೋದಾಗ ಅಲ್ಲಿನ ಹಳೆಯ ಗುಡಿಯ ಬಳಿ ಒಂದು ಶಾಸನದ ಕಲ್ಲನ್ನು ಕಂಡೆ. ಮೊದಲ ಸಾಲಿನಲ್ಲಿ ‘ಸ್ವಸ್ತಿ’ ಎಂಬಷ್ಟನ್ನು ಹೇಗೋ ಗುರುತಿಸಿದೆ. ಮುಂದಿನದೆಲ್ಲವೂ ಕನ್ನಡವೇ ಎಂದು ತಿಳಿದಿದ್ದರೂ ಒಂದಕ್ಷರವೂ ದಕ್ಕಲಿಲ್ಲ. ಆ ಕಲ್ಲನ್ನು ಓದಬೇಕೆಂಬ ಆಸೆ ಅಂದಿನಿಂದ ಬಿಟ್ಟಿಲ್ಲ. ಇತಿಹಾಸದಲ್ಲಿಯಾಗಲಿ ಹಳಗನ್ನಡದಲ್ಲಿಯಾಗಲಿ ಪದವಿ ಪಡೆಯದ, ವಾರಕ್ಕೆ ಒಂದೇ ದಿನ ಬಿಡುವಿರುವ ನನ್ನಂಥವನಿಗೆ ಇದು ಸಾಧ್ಯವೇ? ಸಾಧ್ಯವಾದರೆ ಯಾವ ಕ್ರಮದಲ್ಲಿ ಕಲಿಯಬೇಕು? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಕಾಗಿಣಾ ತೀರ

ಖಂಡಿತವಾಗಿಯೂ ಸಾಧ್ಯವಿದೆ. ನಾನು ಸೇಡಂ ಭಾಗದ ನಿವೃತ್ತ ಶಿಕ್ಷಕ, ಗಣಿತ ಕಲಿಸುತ್ತಿದ್ದವನು. ಈ ಹವ್ಯಾಸಕ್ಕೆ ಬೇಕಾದ ಮೊದಲ ಬಂಡವಾಳ ಕನ್ನಡ ಓದು ಬಲ್ಲ ಕಣ್ಣು, ಎರಡನೆಯದು ತಾಳ್ಮೆ. ಅಕ್ಷರಗಳ ಪಟ್ಟಿಯನ್ನು ಕಂಠಪಾಠ ಮಾಡಿಕೊಂಡು ನೇರವಾಗಿ ಕಲ್ಲಿನ ಮುಂದೆ ನಿಂತವರು ಬಹುಬೇಗ ಸೋತು ಕೈಬಿಡುವುದನ್ನು ಕಂಡಿದ್ದೇನೆ. ಆದ್ದರಿಂದ ನಾನು ಹೇಳುವ ಕ್ರಮ ತುಸು ಬೇರೆ: ಮೊದಲು ಶಾಸನದಲ್ಲಿ ಏನು ಬರೆದಿರಬಹುದು ಎಂಬುದನ್ನು ಕಲಿಯಿರಿ, ಅಕ್ಷರಗಳು ತಾವಾಗಿಯೇ ಕಣ್ಣಿಗೆ ಕೂಡಿಬರುತ್ತವೆ.

ಕಲಬುರಗಿ, ಬೀದರ್, ಯಾದಗಿರಿ ಎಂಬ ನಮ್ಮ ಮೂರು ಜಿಲ್ಲೆಗಳಲ್ಲಿ ಹೆಚ್ಚಾಗಿ ಸಿಗುವುದು ಕಲ್ಯಾಣದ ಚಾಲುಕ್ಯರ ಕಾಲದ ದಾನಶಾಸನಗಳು. ಇವುಗಳ ಮೇಲ್ಭಾಗದಲ್ಲಿ ಸೂರ್ಯ, ಚಂದ್ರ, ನಡುವೆ ಲಿಂಗ ಅಥವಾ ಜಿನಬಿಂಬ, ಪಕ್ಕದಲ್ಲಿ ಕರುವಿಗೆ ಹಾಲೂಡುವ ಹಸು, ಕೆಲವೊಮ್ಮೆ ಒಂದು ಕತ್ತಿ ಕೆತ್ತಿರುತ್ತಾರೆ. ಶೈವ ಶಾಸನವಾಗಿದ್ದರೆ ಬಹುಮಟ್ಟಿಗೆ ‘ನಮಸ್ತುಂಗಶಿರಶ್ಚುಂಬಿ’ ಎಂಬ ಶ್ಲೋಕದಿಂದ, ಜೈನ ಶಾಸನವಾಗಿದ್ದರೆ ‘ಶ್ರೀಮತ್ಪರಮಗಂಭೀರ’ ಎಂಬ ಶ್ಲೋಕದಿಂದ ಆರಂಭವಾಗುತ್ತದೆ. ಆಮೇಲೆ ‘ಸ್ವಸ್ತಿ ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ ಸತ್ಯಾಶ್ರಯಕುಳತಿಳಕ ಚಾಳುಕ್ಯಾಭರಣ’ ಎಂಬ ಬಿರುದುಗಳ ಸಾಲು ಬಂದು, ಅರಸನ ಹೆಸರಿಗೆ ನಿಲ್ಲುತ್ತದೆ. ಅಲ್ಲಿ ‘ತ್ರೈಲೋಕ್ಯಮಲ್ಲ’ ಎಂದಿದ್ದರೆ ಬಹುಮಟ್ಟಿಗೆ ಒಂದನೆಯ ಸೋಮೇಶ್ವರ, ‘ತ್ರಿಭುವನಮಲ್ಲ’ ಎಂದಿದ್ದರೆ ಸಾಮಾನ್ಯವಾಗಿ ಆರನೆಯ ವಿಕ್ರಮಾದಿತ್ಯ. ಈ ಸಾಲನ್ನು ಬಾಯಿಪಾಠ ಮಾಡಿಕೊಂಡು ಕಲ್ಲಿನ ಮುಂದೆ ಕುಳಿತರೆ, ಮುಂದಿನ ಅಕ್ಷರ ಯಾವುದಿರಬೇಕೆಂದು ನಿಮಗೆ ಮೊದಲೇ ಗೊತ್ತಿರುತ್ತದೆ; ಗೊತ್ತಿರುವ ಅಕ್ಷರದ ಆಕಾರವನ್ನು ಕಲ್ಲಿನಲ್ಲಿ ಹುಡುಕುವುದು ಗೊತ್ತಿಲ್ಲದ ಆಕಾರಕ್ಕೆ ಅಕ್ಷರ ಹುಡುಕುವುದಕ್ಕಿಂತ ಎಷ್ಟೋ ಸುಲಭ.

ಎರಡನೆಯ ಹಂತದಲ್ಲಿ ಕಾಲಗಣನೆ. ಶಕವರ್ಷ ಕೊಟ್ಟಿದ್ದರೆ 78 ಕೂಡಿಸಬೇಕು. ಆರನೆಯ ವಿಕ್ರಮಾದಿತ್ಯ ತನ್ನದೇ ಆದ ಚಾಲುಕ್ಯವಿಕ್ರಮ ವರ್ಷವನ್ನು 1076ರಿಂದ ಆರಂಭಿಸಿದ್ದರಿಂದ, ಅಂಥ ಶಾಸನದಲ್ಲಿ 48ನೆಯ ವರ್ಷವೆಂದಿದ್ದರೆ ಅದು 1123. ಇದರೊಂದಿಗೆ ಸಂವತ್ಸರದ ಹೆಸರೂ ಇರುವುದರಿಂದ ನಮ್ಮ ಲೆಕ್ಕವನ್ನು ನಾವೇ ತಾಳೆ ನೋಡಬಹುದು. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆಯಾದ್ದರಿಂದ 1123ಕ್ಕೆ 900 ಕೂಡಿಸಿದರೆ 2023. ಆ ಯುಗಾದಿಗೆ ನಾವೆಲ್ಲ ಬರಮಾಡಿಕೊಂಡದ್ದು ಶೋಭಕೃತ್ ಸಂವತ್ಸರವನ್ನು, ಕಲ್ಲಿನಲ್ಲಿಯೂ ಅದೇ ಹೆಸರಿರಬೇಕು. ಲೆಕ್ಕಪತ್ರದ ಕೆಲಸ ಮಾಡುವ ನಿಮಗೆ ಈ ಭಾಗ ಬಹಳ ಹಿಡಿಸುತ್ತದೆ ಎಂದು ನನ್ನ ಎಣಿಕೆ.

ಅನಂತರ ಬರುವುದು ದಾನದ ವಿವರ: ಇಷ್ಟು ಮತ್ತರು ಕೆಯ್ (ಹೊಲ), ಇಷ್ಟು ಕಮ್ಮ ತೋಟ, ಇಷ್ಟು ಗದ್ಯಾಣ, ದೇವರ ನಂದಾದೀಪಕ್ಕೆ ಇಷ್ಟು ಎಣ್ಣೆ. ಮತ್ತರು, ಕಮ್ಮ ಎಂಬವು ಆ ಕಾಲದ ಭೂಮಿಯ ಅಳತೆಗಳು, ಗದ್ಯಾಣ ಚಿನ್ನದ ನಾಣ್ಯ. ಕೊನೆಯಲ್ಲಿ ದಾನವನ್ನು ಅಳಿದವರಿಗೆ ವಾರಣಾಸಿಯಲ್ಲಿ, ಕುರುಕ್ಷೇತ್ರದಲ್ಲಿ ಕವಿಲೆಗಳನ್ನು (ಕಂದು ಬಣ್ಣದ ಹಸುಗಳನ್ನು) ಕೊಂದ ಪಾಪವೆಂಬ ಶಾಪವಾಕ್ಯ. ನನಗೆ ಅತ್ಯಂತ ಪ್ರಿಯವಾದ ಭಾಗ ಈ ದಾನದ ವಿವರವೇ. ಅರಸರ ಬಿರುದುಗಳು ಎಲ್ಲ ಕಡೆಯೂ ಒಂದೇ ತೆರನಾಗಿರುತ್ತವೆ. ಆದರೆ ಯಾವ ಹಳ್ಳದ ಪಡುವಣಕ್ಕೆ, ಯಾವ ಬಟ್ಟೆಯ (ದಾರಿಯ) ತೆಂಕಣಕ್ಕೆ ಆ ಹೊಲವಿತ್ತು ಎಂಬುದು ಆಯಾ ಊರಿಗೆ ಮಾತ್ರ ಸೇರಿದ ಸಂಗತಿ, ಮತ್ತು ಅಂಥ ಹಳ್ಳ ಇಂದಿಗೂ ಹರಿಯುತ್ತಿರುವುದುಂಟು.

ಆರಂಭಕ್ಕೆ ಸೇಡಂ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ ಬನ್ನಿ. ಹಳೆಯ ಗುಮ್ಮಟದ ನೆರಳಿನಲ್ಲಿ ನಿಧಾನವಾಗಿ ನೋಡಬಹುದು. ಅದಾದ ಮೇಲೆ ಚಿತ್ತಾಪುರದ ಪಕ್ಕದ ನಾಗಾವಿ. ಅರವತ್ತು ಕಂಬದ ಗುಡಿಯನ್ನು ನೋಡಲು ಬರುವವರು ಬಹಳ, ಶಾಸನದ ಮುಂದೆ ನಿಲ್ಲುವವರು ಕಡಿಮೆ. ಶಕ 980, ಅಂದರೆ 1058ರ ಶಾಸನ ಅಲ್ಲಿನ ಘಟಿಕಾಸ್ಥಾನದ, ಅಂದರೆ ವಿದ್ಯಾಲಯದ, ವಿಷಯ ಹೇಳುತ್ತದೆ: ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ 52 ವಿದ್ಯಾರ್ಥಿಗಳು, ಅವರಿಗೆ ಕಲಿಸುವ ಉಪಾಧ್ಯಾಯರು, ಮತ್ತು ಪುಸ್ತಕಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರು. ಸುಮಾರು ಸಾವಿರ ವರ್ಷಗಳ ಹಿಂದೆ ನಮ್ಮ ಈ ಬಿಸಿಲ ನಾಡಿನಲ್ಲಿ ಆರು ಜನ ಗ್ರಂಥಪಾಲಕರಿಗೆ ಜೀವನವೃತ್ತಿ ಕಲ್ಪಿಸಿದ್ದ ವಿದ್ಯಾಲಯವೊಂದಿತ್ತು ಎಂಬುದನ್ನು ಆ ಕಲ್ಲಿನ ಎದುರು ನಿಂತು ತಿಳಿದುಕೊಂಡಾಗ ಆಗುವ ಸಂತೋಷ ಬೇರೆಯೇ.

ಗ್ರಂಥಾಲಯದ ಸಿಬ್ಬಂದಿ

ಕಾಗಿಣಾ ತೀರದ ಗುರುಗಳು ಸರಸ್ವತೀ ಭಂಡಾರಿಗರನ್ನು ನೆನೆದದ್ದು ವೃತ್ತಿಯಿಂದ ಅದೇ ಕೆಲಸ ಮಾಡುವ ನನಗೆ ಬಹಳ ಸಂತೋಷ ತಂದಿತು. ಪುಸ್ತಕಗಳ ವಿಷಯದಲ್ಲಿ ಹೊಸಬರು ತಿಳಿದಿರಬೇಕಾದ ಒಂದು ಸಂಗತಿ ಇದೆ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಹಳೆಯ ಮೈಸೂರು ಸಂಸ್ಥಾನ ಮತ್ತು ಕೊಡಗಿನ ಶಾಸನಗಳನ್ನು ಒಳಗೊಂಡವು. ನಮ್ಮ ಭಾಗ ನಿಜಾಮರ ಆಡಳಿತದಲ್ಲಿದ್ದುದರಿಂದ ನಮ್ಮೂರಿನ ಕಲ್ಲುಗಳನ್ನು ಅಲ್ಲಿ ಹುಡುಕಿ ನಿರಾಶರಾಗಬೇಡಿ. ಹೈದರಾಬಾದ್ ಸಂಸ್ಥಾನ 1914ರಲ್ಲಿ ತನ್ನದೇ ಪುರಾತತ್ವ ಇಲಾಖೆಯನ್ನು ತೆರೆಯಿತು, ಮತ್ತು ನಾಗಾವಿಯ ಶಾಸನಗಳು ಆ ಇಲಾಖೆಯ ಸರಣಿಯಲ್ಲಿಯೇ 1928ರಲ್ಲಿ ಅಚ್ಚಾದವು. ಪಿ. ಬಿ. ದೇಸಾಯಿ ಅವರು ದಕ್ಷಿಣ ಭಾರತದ ಜೈನಧರ್ಮ ಕುರಿತು 1957ರಲ್ಲಿ ಹೊರತಂದ ಇಂಗ್ಲಿಷ್ ಗ್ರಂಥದಲ್ಲಿ ನಮ್ಮ ಭಾಗದ ಅನೇಕ ಜೈನ ಶಾಸನಗಳ ಪಾಠ (ಕಲ್ಲಿನ ಬರಹದ ಅಚ್ಚಾದ ರೂಪ) ಇದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ಶಾಸನ ಸಂಪುಟಗಳನ್ನು ತಂದಿರುವುದರಿಂದ ಇಂಗ್ಲಿಷ್ ಓದಲು ಹಿಂಜರಿಯುವವರಿಗೂ ದಾರಿ ತೆರೆದಿದೆ.

ನನ್ನ ಸಲಹೆ ಇಷ್ಟೇ: ಮೊದಲು ಪಾಠ ಅಚ್ಚಾಗಿರುವ ಶಾಸನವನ್ನೇ ಆರಿಸಿಕೊಳ್ಳಿ. ಮನೆಯಲ್ಲಿ ಪಾಠವನ್ನು ಕೈಬರಹದಲ್ಲಿ ಪ್ರತಿ ಮಾಡಿಕೊಂಡು, ಅದನ್ನು ಹಿಡಿದು ಕಲ್ಲಿನ ಬಳಿಗೆ ಹೋಗಿ ಸಾಲು ಸಾಲಾಗಿ ಹೋಲಿಸಿ ನೋಡಿ.

ಹಳೆ ಜೇವರ್ಗಿ ರಸ್ತೆ

ಹಿರಿಯರ ಮಾತಿಗೆ ಗೌರವವಿಟ್ಟೇ ಭಿನ್ನಾಭಿಪ್ರಾಯ ದಾಖಲಿಸುತ್ತಿದ್ದೇನೆ. ಶಾಸನಶಾಸ್ತ್ರವೆಂಬುದು ಜೀವಮಾನವಿಡೀ ದುಡಿದವರ ಕ್ಷೇತ್ರ. ಭಾನುವಾರದ ಹವ್ಯಾಸಿಗಳು ಅರ್ಧಂಬರ್ಧ ಓದಿ, ಅದನ್ನು ವಾಟ್ಸ್ಯಾಪಿನಲ್ಲಿ ಹರಡಿ, ಊರಿನ ಹೆಸರಿಗೂ ಜಾತಿಯ ಹಿರಿಮೆಗೂ ಹೊಸ ಕಥೆ ಕಟ್ಟುವುದನ್ನು ನಾವೆಲ್ಲ ಕಂಡಿದ್ದೇವೆ. ಇದರಿಂದ ಇತಿಹಾಸಕ್ಕೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಇನ್ನೊಂದು ಮಾತು: ಬಿಡುವು ಎಂಬುದು ದಣಿದ ದೇಹಕ್ಕೂ ಮನಸ್ಸಿಗೂ ವಿಶ್ರಾಂತಿ ಕೊಡಲಿಕ್ಕಾಗಿ ಇರುವುದು. ಅದನ್ನೂ ಪಾಠ, ಪರೀಕ್ಷೆ, ಸಾಧನೆ ಎಂದು ಮಾಡಿಕೊಂಡರೆ ಮನುಷ್ಯ ಉಸಿರಾಡುವುದು ಯಾವಾಗ? ಮಕ್ಕಳೊಂದಿಗೆ ಕುಳಿತು ಹರಟೆ ಹೊಡೆಯುವುದೂ ಒಳ್ಳೆಯ ಭಾನುವಾರವೇ.

ಕಾಗಿಣಾ ತೀರ

ನಿಮ್ಮ ಮೊದಲನೆಯ ಆಕ್ಷೇಪದಲ್ಲಿ ಬಹಳ ಸತ್ಯವಿದೆ, ಆದ್ದರಿಂದಲೇ ಅದಕ್ಕೆ ವಿವರವಾಗಿ ಉತ್ತರಿಸುತ್ತೇನೆ. ಹಳೆಯ ಶಾಸನಗಳಲ್ಲಿ ಪದಗಳ ನಡುವೆ ಬಿಡುವಿರುವುದಿಲ್ಲ. ಎ-ಏ, ಒ-ಓ ಎಂಬ ಹ್ರಸ್ವ ದೀರ್ಘಗಳ ವ್ಯತ್ಯಾಸವನ್ನು ಸಾಮಾನ್ಯವಾಗಿ ತೋರಿಸಿರುವುದಿಲ್ಲ. ಮ ಮತ್ತು ವ ಅಕ್ಷರಗಳು ಸವೆದ ಕಲ್ಲಿನಲ್ಲಿ ಒಂದನ್ನೊಂದು ಹೋಲುತ್ತವೆ. ಈಗ ಬಳಕೆಯಲ್ಲಿಲ್ಲದ ೞ ಮತ್ತು ಱ ಎಲ್ಲೆಂದರಲ್ಲಿ ಎದುರಾಗುತ್ತವೆ. ಇಂಥ ಕಡೆ ಒಂದಕ್ಷರ ತಪ್ಪಿದರೆ ಊರಿನ ಹೆಸರೇ ಬದಲಾಗಬಹುದು. ಹೀಗಾಗಿ ಹವ್ಯಾಸಿಯಾದವನು ತನ್ನ ಓದನ್ನು ಅಂತಿಮವೆಂದು ಪ್ರಕಟಿಸಬಾರದು, ವಿದ್ವಾಂಸರ ಮುಂದಿಟ್ಟು ಕೇಳಬೇಕು. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿಯೂ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿಯೂ ಕನ್ನಡ ಮತ್ತು ಇತಿಹಾಸದ ಅಧ್ಯಾಪಕರಿದ್ದಾರೆ. ವಿನಯದಿಂದ ಕೇಳಿದವರಿಗೆ ವಿದ್ವಾಂಸರು ಬಾಗಿಲು ಮುಚ್ಚಿದ್ದನ್ನು ನಾನಂತೂ ಕಂಡಿಲ್ಲ.

ಆದರೆ ಹವ್ಯಾಸಿಗಳಿಂದ ಉಪಯೋಗವೇ ಇಲ್ಲವೆಂಬ ಮಾತನ್ನು ಒಪ್ಪಲಾರೆ. ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿರುವ ಕಾಳಿಯ ಗುಡಿಯ ಮಾಡು 1986ರಲ್ಲಿ ಕುಸಿದಾಗ, ವಿಗ್ರಹದ ಪೀಠವಾಗಿ ಬಳಕೆಯಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳಿರುವುದು ಬೆಳಕಿಗೆ ಬಂದಿತು. ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಆ ಬರಹ ಶತಮಾನಗಳ ಕಾಲ ಜನರು ಕೈಮುಗಿಯುವ ಜಾಗದಲ್ಲಿಯೇ ಇತ್ತು. ಅದಕ್ಕೆ ಸಮೀಪದ ಕನಗನಹಳ್ಳಿಯ ಉತ್ಖನನದಲ್ಲಿ ‘ರಾಯ ಅಸೋಕ’ ಎಂಬ ಹೆಸರನ್ನೇ ಹೊತ್ತ ಶಿಲ್ಪ ದೊರೆಯಿತು. ನಮ್ಮ ಹಳ್ಳಿಗಳ ಅಗಸಿಯಲ್ಲಿ, ಹನುಮಪ್ಪನ ಗುಡಿಯ ಹಿಂಭಾಗದಲ್ಲಿ, ಬಾವಿಯ ಮೆಟ್ಟಿಲಿನಲ್ಲಿ ಇನ್ನೂ ಎಷ್ಟು ಕಲ್ಲುಗಳು ಸುಣ್ಣ ಬಳಿಸಿಕೊಂಡು ನಿಂತಿವೆಯೋ! ಅವೆಲ್ಲವನ್ನೂ ತಲುಪುವಷ್ಟು ವಿದ್ವಾಂಸರು ಯಾವ ಇಲಾಖೆಯಲ್ಲಿಯೂ ಇಲ್ಲ. ಕಲ್ಲು ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂದು ಒಂದು ಸ್ಪಷ್ಟ ಚಿತ್ರದೊಡನೆ ದಾಖಲಿಸಲು ಪಾಂಡಿತ್ಯ ಬೇಕಿಲ್ಲ, ಭಾನುವಾರ ಬೇಕು.

ವಿಶ್ರಾಂತಿಯ ವಿಷಯ ಅವರವರ ಮನೋಧರ್ಮಕ್ಕೆ ಬಿಟ್ಟದ್ದು.

ಬೀದರ್ ಬುರುಜು

ಬೀದರ್ ಜಿಲ್ಲೆಯವರ ಪರವಾಗಿ ಒಂದೆರಡು ಸ್ಥಳಗಳನ್ನು ಸೇರಿಸುತ್ತೇನೆ. ಹುಮನಾಬಾದ್ ತಾಲ್ಲೂಕಿನ ಜಲಸಂಗವಿಯ ದೇವಾಲಯವನ್ನು ಈ ಹವ್ಯಾಸದವರು ತಪ್ಪದೆ ನೋಡಬೇಕು. ಅಲ್ಲಿನ ಹೊರಗೋಡೆಯ ಶಿಲಾಬಾಲಿಕೆಯರಲ್ಲಿ ಒಬ್ಬಳು ಬೆನ್ನು ತಿರುಗಿಸಿ ನಿಂತು ಶಾಸನ ಬರೆಯುತ್ತಿದ್ದಾಳೆ. ಅವಳ ಕೈ ತಲುಪಿರುವ ಫಲಕದ ಮೇಲೆ ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶ್ಲೋಕ ಕನ್ನಡ ಲಿಪಿಯಲ್ಲಿ ನಿಜವಾಗಿಯೂ ಕೆತ್ತಲ್ಪಟ್ಟಿದೆ. ಅಕ್ಷರಗಳು ಚಿಕ್ಕವಾದರೂ ದುಂಡಾಗಿವೆ, ಹೊಸಬರಿಗೂ ಕೆಲವು ಗುರುತು ಸಿಗುತ್ತವೆ. ಶಾಸನವನ್ನು ಬರೆಯುವ ಹೆಣ್ಣನ್ನು ಶಾಸನದೊಂದಿಗೇ ಕಡೆದ ಆ ಶಿಲ್ಪಿಯ ಮನಸ್ಸಿಗೆ ನಾನು ಪ್ರತಿ ಸಲವೂ ತಲೆಬಾಗುತ್ತೇನೆ.

ಇನ್ನೊಂದು ಬಿನ್ನಹ. ನಮ್ಮ ಭಾಗದ ಕಲ್ಲುಬರಹವೆಂದರೆ ಕನ್ನಡ ಮಾತ್ರವಲ್ಲ, ಪರ್ಷಿಯನ್, ಅರಬ್ಬಿಯೂ ಉಂಟು. ಕಲಬುರಗಿ ಕೋಟೆಯೊಳಗಿನ ಜಾಮಾ ಮಸೀದಿಯ ಶಾಸನವೇ ಅದರ ಕಾಲವನ್ನು 1367 ಎಂದು ತಿಳಿಸುತ್ತದೆ ಮತ್ತು ಕಟ್ಟಿಸಿದವನ ಮನೆತನ ಪರ್ಷಿಯಾದ ಕಜ್ವೀನ್ ಊರಿನದೆಂದು ಹೇಳುತ್ತದೆ. ಬೀದರಿನಲ್ಲಿ 1472ರ ಮಹಮೂದ್ ಗವಾನ್ ಮದರಸಾದ ಮುಂಗೋಡೆಯ ಮೇಲೆ ನೀಲಿ, ಬಿಳಿ ಮೆರುಗಿನ ಬಿಲ್ಲೆಗಳಲ್ಲಿ ಬರಹ ಉಳಿದಿದೆ. ಅಷ್ಟೂರಿನಲ್ಲಿ ಅಹಮದ್ ಶಾ ವಲಿಯ ಸಮಾಧಿಯ ಒಳಗೋಡೆಗಳು ಬಣ್ಣದ ಅಕ್ಷರಗಳಿಂದ ತುಂಬಿವೆ. ಗುಲಾಂ ಯಜ್ದಾನಿ ಅವರು 1947ರಲ್ಲಿ ಬೀದರಿನ ಇತಿಹಾಸ ಮತ್ತು ಸ್ಮಾರಕಗಳ ಬಗ್ಗೆ ಹೊರತಂದ ದೊಡ್ಡ ಗ್ರಂಥದಲ್ಲಿ ಇವೆಲ್ಲವುಗಳ ವಿವರವಿದೆ. ನಾನು ಉರ್ದು ಓದುಬಲ್ಲೆ, ನನ್ನ ಜೊತೆಗಾರರೊಬ್ಬರು ಹಳಗನ್ನಡ ಬಲ್ಲರು. ನಾವು ಒಟ್ಟಿಗೆ ಹೋಗುವುದರಿಂದ ಇಬ್ಬರಿಗೂ ಎರಡು ಲೋಕಗಳು ತೆರೆದಿವೆ. ಹೊಸದಾಗಿ ಆರಂಭಿಸುವವರು ಇಂಥ ಜೊತೆಯನ್ನು ಕಟ್ಟಿಕೊಳ್ಳಬೇಕೆಂದು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.

ಸುರಪುರದ ಶಿಕ್ಷಕಿ

ಈವರೆಗೆ ಬರೆದವರೆಲ್ಲರೂ ಭಾನುವಾರ ಬೆಳಿಗ್ಗೆ ಮನೆಯಿಂದ ಹೊರಡುವುದು ತೀರ ಸಹಜವಾದ ಸಂಗತಿ ಎಂಬಂತೆ ಬರೆದಿದ್ದೀರಿ. ಹೆಣ್ಣುಮಕ್ಕಳಿಗೆ ಭಾನುವಾರವೆಂದರೆ ವಾರದ ಬಟ್ಟೆ, ನೆಂಟರು, ಎರಡು ಹೊತ್ತಿನ ರೊಟ್ಟಿ. ಹಾಗೆಂದು ನನಗೆ ಆಸೆಯಿಲ್ಲವೇ? ನಮ್ಮ ತಾಲ್ಲೂಕಿನ ಏವೂರಿನ ಶಾಸನಗಳು ಚಾಲುಕ್ಯರ ವಂಶಾವಳಿಯನ್ನು ತಿಳಿಯಲು ಮುಖ್ಯ ಆಧಾರವೆಂದೂ, ಅವುಗಳಲ್ಲೊಂದು 1077ರದೆಂದೂ ಓದಿದಾಗ, ಅಲ್ಲಿಗೆ ಹೋಗದೆ ಇರಲಾರೆನೆನಿಸಿತು. ಮನೆಯಲ್ಲಿ ಮಾತಾಡಿ, ತಿಂಗಳಿಗೆ ಒಂದು ಭಾನುವಾರ ನನ್ನದು ಎಂದು ಗೊತ್ತುಮಾಡಿಕೊಂಡೆ. ಆ ದಿನ ಅಡುಗೆಮನೆ ಯಜಮಾನರದು. ಈ ಹವ್ಯಾಸಕ್ಕೆ ಬರಬಯಸುವ ಗಂಡಸರು ತಮ್ಮ ಮನೆಯ ಹೆಣ್ಣುಮಕ್ಕಳಿಗೂ ಅಷ್ಟೇ ಬಿಡುವು ಸಿಗುತ್ತಿದೆಯೇ ಎಂದು ಒಮ್ಮೆ ಲೆಕ್ಕ ಹಾಕಬೇಕು.

ಹಳ್ಳಿಗೆ ಹೋದಾಗ ಎದುರಾಗುವ ಒಂದು ತೊಡಕನ್ನು ಯಾರೂ ಹೇಳಲಿಲ್ಲ. ಅಪರಿಚಿತರು ಹಳೆಯ ಗುಡಿಯ ಬಳಿ ಕಲ್ಲನ್ನು ದಿಟ್ಟಿಸಿ ನೋಡುತ್ತಾ, ಚಿತ್ರ ತೆಗೆಯುತ್ತಾ ನಿಂತರೆ ಊರವರಿಗೆ ಸಂಶಯ ಬರುವುದು ಸಹಜ. ನಿಧಿಗಳ್ಳರು ಅಗೆದು ಹಾಳುಮಾಡಿದ ಗುಡಿಗಳು ನಮ್ಮ ಭಾಗದಲ್ಲಿ ಕಡಿಮೆಯಿಲ್ಲ. ಒಂದು ಊರಿನಲ್ಲಿ ಹಿರಿಯರೊಬ್ಬರು ನನ್ನನ್ನು ತಡೆದು, “ಏನವ್ವಾ, ನಿಧಿ ಹುಡಕ್ಲಾಕ ಬಂದೀರೇನು?” ಎಂದು ನೇರವಾಗಿಯೇ ಕೇಳಿದರು. ನಾನು ಚೀಲದಿಂದ ಮುದ್ರಿತ ಪಾಠವನ್ನು ತೆಗೆದು, “ಇಲ್ರೀ ಕಾಕಾ, ನಿಮ್ಮೂರಿನ ಹೆಸರು ಈ ಕಲ್ಲಿನ್ಯಾಗ ಐತಂತ, ಅದನ್ನ ಓದ್ಲಾಕ ಬಂದೀನಿ” ಎಂದು ಆ ಸಾಲನ್ನು ಬೆರಳಿಟ್ಟು ತೋರಿಸಿದೆ. ಅವರು ಅಕ್ಷರ ಕಲಿತವರಲ್ಲ. ಆದರೂ ಕಲ್ಲಿನ ಆ ಜಾಗದ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತರು, ಆಮೇಲೆ ಮೊಮ್ಮಕ್ಕಳನ್ನು ಕೂಗಿ ಕರೆದರು. ಅಂದಿನಿಂದ ಯಾವುದೇ ಊರಿಗೆ ಹೋದರೂ ಮೊದಲು ಕಟ್ಟೆಯ ಮೇಲೆ ಕುಳಿತ ಹಿರಿಯರನ್ನು ಕಂಡು, ಬಂದ ಕಾರಣ ತಿಳಿಸಿ, ಅವರನ್ನೇ ಮುಂದಿಟ್ಟುಕೊಂಡು ಹೋಗುತ್ತೇನೆ. ಕಲ್ಲಿನ ಬಗ್ಗೆ ಊರಿನಲ್ಲಿ ನಡೆದುಬಂದ ಹೇಳಿಕೆಗಳೂ ಆಗ ತಾವಾಗಿ ಸಿಗುತ್ತವೆ.

ಶಾಲೆಯ ಮಕ್ಕಳಿಗೆ ಇದರಲ್ಲಿ ಎಷ್ಟು ಆಸಕ್ತಿಯೆಂದರೆ, ಮುದನೂರಿನ ಗುಡಿಗಳನ್ನು ತೋರಿಸಿ ಬಂದ ಮೇಲೆ ಕೆಲವರು ತಮ್ಮ ಹೆಸರನ್ನು ಹಳೆಯ ಅಕ್ಷರಗಳಲ್ಲಿ ನೋಟ್ ಪುಸ್ತಕದ ಮೇಲೆ ಬರೆದುಕೊಂಡಿದ್ದಾರೆ.

ಶಹಾಬಜಾರಿನ ಓದುಗ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಶಿಕ್ಷಕಿ ಅಕ್ಕಾವರ ಮಾತನ್ನು ಮನೆಯಲ್ಲಿ ಓದಿ ಹೇಳಿದೆ. ಮನೆಯವರೂ ನಾಗಾವಿಗೆ ಬರುವುದಾಗಿ ಹೇಳಿದ್ದಾರೆ. ಬಿರುದುಗಳ ಸಾಲನ್ನು ಬಾಯಿಪಾಠ ಮಾಡಿಕೊಂಡು ವಸ್ತುಸಂಗ್ರಹಾಲಯಕ್ಕೆ ಹೋಗಿ ಬಂದೆ. ‘ಸಮಸ್ತಭುವನಾಶ್ರಯ’ ಎಂಬಲ್ಲಿ ಸ ಮತ್ತು ಭ ಅಕ್ಷರಗಳನ್ನು ಗುರುತಿಸಿದಾಗ ಆದ ಸಂತೋಷವನ್ನು ಬಣ್ಣಿಸಲಾರೆ. ಒಂದು ಸಂದೇಹ ಉಳಿದಿದೆ. ಸವೆದ ಅಕ್ಷರಗಳು ಎದ್ದು ಕಾಣಲೆಂದು ಕೆಲವರು ಕಲ್ಲಿಗೆ ಸುಣ್ಣದ ಪುಡಿ, ಮೈದಾಹಿಟ್ಟು ಸವರುವುದನ್ನು ವಿಡಿಯೋಗಳಲ್ಲಿ ನೋಡಿದ್ದೇನೆ. ಹಾಗೆ ಮಾಡಬಹುದೇ? ಪಡಿಯಚ್ಚು (ಕಲ್ಲಿನ ಬರಹವನ್ನು ಕಾಗದಕ್ಕೆ ಇಳಿಸಿಕೊಂಡ ಅಚ್ಚು) ತೆಗೆಯುವುದನ್ನು ಹವ್ಯಾಸಿಗಳೂ ಕಲಿಯಬಹುದೇ?

ಕಾಗಿಣಾ ತೀರ

ಪುಡಿ, ಹಿಟ್ಟು, ಎಣ್ಣೆ, ಬಣ್ಣ ಯಾವುದನ್ನೂ ಸವರಬೇಡಿ. ಹಿಟ್ಟು ಅಕ್ಷರದ ಗೆರೆಯೊಳಗೆ ಉಳಿದು ತೇವ ಹಿಡಿದು ಪಾಚಿಗೆ ದಾರಿಮಾಡುತ್ತದೆ. ಎಣ್ಣೆ ಧೂಳನ್ನು ಹಿಡಿದಿಟ್ಟುಕೊಂಡು ಗಟ್ಟಿ ಪದರವಾಗುತ್ತದೆ. ತಂತಿಯ ಬ್ರಷ್ಷಿನಿಂದ ಉಜ್ಜುವುದಂತೂ ಅಕ್ಷರವನ್ನೇ ಅಳಿಸಿದಂತೆ. ಅದರ ಅಗತ್ಯವೂ ಇಲ್ಲ. ಸೂರ್ಯ ಹುಟ್ಟಿದ ಮೇಲಿನ ಮತ್ತು ಮುಳುಗುವ ಮುಂಚಿನ ಹೊತ್ತಿನಲ್ಲಿ ಬೆಳಕು ಕಲ್ಲಿನ ಮೇಲೆ ಓರೆಯಾಗಿ ಬೀಳುವುದರಿಂದ ಗೆರೆಗಳಲ್ಲಿ ನೆರಳು ಕುಳಿತು ಅಕ್ಷರ ತಾನಾಗಿಯೇ ಎದ್ದು ಕಾಣುತ್ತದೆ. ನಡುಹಗಲಿನಲ್ಲಿ ಒಂದಕ್ಷರವೂ ಕಾಣದ ಕಲ್ಲು ಸಂಜೆ ಪೂರ್ತಿ ಓದಿಸಿಕೊಂಡದ್ದುಂಟು. ಗುಡಿಯ ಒಳಗಿನ ಕತ್ತಲಲ್ಲಿರುವ ಕಲ್ಲಾದರೆ, ಒಬ್ಬರು ಮೊಬೈಲ್ ಟಾರ್ಚನ್ನು ಕಲ್ಲಿಗೆ ತೀರ ಪಕ್ಕದಿಂದ, ಗೋಡೆಗೆ ಒರಗಿಸಿದಂತೆ ಹಿಡಿಯಬೇಕು, ಇನ್ನೊಬ್ಬರು ಎದುರಿನಿಂದ ಚಿತ್ರ ತೆಗೆಯಬೇಕು. ಬೆಳಕನ್ನು ಎಡದಿಂದ, ಬಲದಿಂದ, ಮೇಲಿನಿಂದ ಬದಲಿಸಿ ಒಂದೇ ಜಾಗದ ಹಲವು ಚಿತ್ರ ತೆಗೆದುಕೊಂಡರೆ ಒಂದರಲ್ಲಿ ಕಾಣದ ಗೆರೆ ಮತ್ತೊಂದರಲ್ಲಿ ಸಿಗುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಮೂರು ಆಯಾಮದ ಸ್ಕ್ಯಾನಿಂಗ್ ಮೂಲಕ ಶಾಸನಗಳನ್ನು ದಾಖಲಿಸುತ್ತಿರುವುದೂ ಕಲ್ಲಿಗೆ ಏನನ್ನೂ ಸವರದೆಯೇ.

ಪಡಿಯಚ್ಚಿನ ವಿಧಾನ ತಿಳಿದಿರಲಿ: ಕಲ್ಲನ್ನು ನೀರಿನಿಂದ ಶುಚಿಗೊಳಿಸಿ, ಒದ್ದೆ ಕಾಗದವನ್ನು ಹೊದಿಸಿ, ಗೆರೆಗಳೊಳಗೆ ಇಳಿಯುವಂತೆ ಬ್ರಷ್ಷಿನಿಂದ ಬಡಿದು, ಕಾಗದ ತುಸು ಆರಿದ ಮೇಲೆ ಮಸಿಯನ್ನು ಒತ್ತುತ್ತಾ ಹೋದರೆ ಹಿನ್ನೆಲೆ ಕಪ್ಪಾಗಿ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಆದರೆ ಬಿರುಕುಬಿಟ್ಟ ಕಲ್ಲಿಗೆ ಆ ಬಡಿತವೂ ಅಪಾಯ. ಇದನ್ನು ಪರಿಣತರ ಕೈಕೆಳಗೆ, ಇಲಾಖೆಯ ಅನುಮತಿಯೊಡನೆ ಮಾತ್ರ ಮಾಡತಕ್ಕದ್ದು. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಕಾಯ್ದೆಯಡಿ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು. 2010ರ ತಿದ್ದುಪಡಿ ಶಿಕ್ಷೆಯನ್ನು ಈ ಮಟ್ಟಕ್ಕೆ ಏರಿಸಿದೆ.

ಒಂದು ದಪ್ಪ ನೋಟ್ ಪುಸ್ತಕ ಇಟ್ಟುಕೊಳ್ಳಿ. ಊರು, ಕಲ್ಲು ನಿಂತಿರುವ ಜಾಗ, ಅದರ ಎತ್ತರ ಅಗಲ, ಸಾಲುಗಳ ಸಂಖ್ಯೆ, ಮೇಲ್ಭಾಗದ ಚಿತ್ರಗಳು, ಒಡೆದ ಭಾಗ, ನೋಡಿದ ದಿನಾಂಕ, ಇಷ್ಟನ್ನು ಸ್ಥಳದಲ್ಲಿಯೇ ಬರೆಯಿರಿ. ಓದಲಾಗದ ಅಕ್ಷರದ ಜಾಗದಲ್ಲಿ ಊಹೆಯನ್ನು ತುಂಬದೆ ಚುಕ್ಕಿ ಇಡಿ. ಹಳೆ ಜೇವರ್ಗಿ ರಸ್ತೆಯವರ ಆತಂಕಕ್ಕೆ ಆ ಚುಕ್ಕಿಗಳೇ ತಕ್ಕ ಉತ್ತರ.

ಯುಗಾದಿ ಕಳೆದ ಮೇಲೆ ನಮ್ಮ ಕಡೆಯ ಬಿಸಿಲಿನಲ್ಲಿ ಬಯಲಿನ ಕಲ್ಲಿನ ಮುಂದೆ ಕುಳಿತುಕೊಳ್ಳಲಾಗುವುದಿಲ್ಲ. ಆ ತಿಂಗಳುಗಳನ್ನು ಮನೆಯಲ್ಲಿ ಪಾಠಗಳನ್ನು ಪ್ರತಿ ಮಾಡಲು ಇಟ್ಟುಕೊಳ್ಳಿ. ದೀಪಾವಳಿಯಿಂದ ಶಿವರಾತ್ರಿಯವರೆಗಿನ ಕಾಲ ಹೊರಗಿನ ಓದಿಗೆ ಹೇಳಿಮಾಡಿಸಿದ್ದು. ನಾಗಾವಿಗೆ ನೀವು ಮನೆಯವರೊಂದಿಗೆ ಬರುವ ಭಾನುವಾರವನ್ನು ಇಲ್ಲಿಯೇ ಮುಂಚಿತವಾಗಿ ತಿಳಿಸಿದರೆ, ಸೇಡಂ ಕಡೆಯಿಂದ ನಾನೂ ಬಂದು ಸೇರಿಕೊಳ್ಳುತ್ತೇನೆ. ಬೆಳಗಿನ ಓರೆ ಬೆಳಕು ಸಿಗಬೇಕಾದರೆ ಏಳು ಗಂಟೆಯೊಳಗೆ ಅಲ್ಲಿರಬೇಕು. ರೊಟ್ಟಿ, ಶೇಂಗಾ ಹಿಂಡಿ, ಕುಡಿಯುವ ನೀರು ಜೊತೆಗಿರಲಿ.